ಅಪ್ಪ ಬೆರಳಲ್ಲಿ ಓದಿದ ಕಾರ್ಡು

ನನ್ನ ಸೋದರತ್ತೆ ಮದುವೆಯಾಗಲಿಲ್ಲ. ಮೈಸೂರಿನ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದರು. ಅಲ್ಲಿಗೆ ಹೊಸ ಕಂಪ್ಯೂಟರುಗಳು ಬಂದಾಗ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಹಂಗಳಕ್ಕೆ, ನಮ್ಮ ಮನೆಗೇ ಬಂದರು. ಅವರ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಪ್ಪ ‘ಟೈಪಿಂಗು’ ಎಂದು ಮಾತು ಮುಗಿಸುತ್ತಿದ್ದರು. ನಮಗೆಲ್ಲ ಗೊತ್ತಿದ್ದುದೂ ಅಷ್ಟೇ. ಹಬ್ಬಕ್ಕೆಂದು ಬಂದಾಗಲೂ ಅತ್ತೆ ಅಮ್ಮನ ಜೊತೆ ಅವರೆಕಾಯಿ ಬಿಡಿಸುತ್ತ ಊರಿನ ಸುದ್ದಿ ಕೇಳುತ್ತಿದ್ದರೇ ಹೊರತು ಕಚೇರಿಯ ಸುದ್ದಿ ಎತ್ತುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ, ನಾನು ಗುಂಡ್ಲುಪೇಟೆಯಲ್ಲಿ ಶಾಲೆಯ ಮೇಡಂ ಆಗಿದ್ದಾಗ, ಒಂದು ಶನಿವಾರ ರಜೆ ಹಾಕಿ ಅಪ್ಪನನ್ನು ಚಾಮರಾಜನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅತ್ತೆಯೂ ಜೊತೆಗೆ ಬಂದರು. ಡಾಕ್ಟರು ಕಣ್ಣಿಗೆ ಹನಿ ಬಿಟ್ಟು ಪರೀಕ್ಷೆ ಮಾಡಿ, ಮೂರು ನಾಲ್ಕು ಗಂಟೆ ಹತ್ತಿರದ್ದೆಲ್ಲ ಮಂಜು ಮಂಜಾಗಿ ಕಾಣುತ್ತದೆ, ಬಿಸಿಲಿಗೆ ಹೋಗಬೇಡಿ ಎಂದರು. ಎಲ್ಲಿ ಕೂರುವುದು ಎಂದು ಯೋಚಿಸುವಾಗ ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದ ಮನೆ ನೆನಪಾಯಿತು. ಕಚೇರಿ ಯಂತ್ರಗಳ ರಿಪೇರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಗುಜರಿಗೆ ಹೋಗಲಿದ್ದ ಹಳೆಯ ಲೆಕ್ಕದ ಯಂತ್ರಗಳನ್ನೂ ಕಂಪ್ಯೂಟರುಗಳನ್ನೂ ಕೂಡಿಟ್ಟಿದ್ದಾರೆ, ಶನಿವಾರ ಯಾರು ಬೇಕಾದರೂ ಹೋಗಬಹುದು ಎಂದಿದ್ದರು ಆ ಸಹೋದ್ಯೋಗಿ.

ಆ ಹಿರಿಯರು ಬಾಗಿಲಲ್ಲೇ ನಮಗೊಂದು ಷರತ್ತು ಹಾಕಿದರು: ಬರೀ ನೋಡಿಕೊಂಡು ಹೋಗುವ ಹಾಗಿಲ್ಲ, ಮುಟ್ಟಬೇಕು. ಅಪ್ಪ ಕೈಹಿಡಿ ತಿರುಗಿಸುವ ಲೆಕ್ಕದ ಯಂತ್ರವನ್ನು ಗರಗರ ತಿರುಗಿಸಿ, ಕಬ್ಬಿನ ಗಾಣದ ಹಾಗಿದೆ ಎಂದು ನಕ್ಕರು. ನಾನು ಟಿವಿಗೆ ಜೋಡಿಸಿದ್ದ ಪುಟ್ಟ ಕಂಪ್ಯೂಟರಿನ ಮುಂದೆ ಕೂತೆ. ಹಿಂತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿರಲಿಲ್ಲ. ಒಳಕೋಣೆಯಲ್ಲಿ, ಮೇಜಿನಷ್ಟಿದ್ದ ಒಂದು ಬೂದುಬಣ್ಣದ ಯಂತ್ರದ ಮೇಲೆ ಅಂಗೈ ಊರಿಕೊಂಡು ನಿಂತಿದ್ದರು.

“ಇದು ನನ್ನ ಮಿಷನ್ನು ಕಣಮ್ಮಿ” ಎಂದರು.

ಅದು ಕಾರ್ಡಿಗೆ ತೂತು ಹೊಡೆಯುವ ಯಂತ್ರ; ಅತ್ತೆ ಕಚೇರಿಯಲ್ಲಿ ಅಷ್ಟು ವರ್ಷ ಕೂತದ್ದು ಇಂಥದೇ ಒಂದರ ಮುಂದೆ. ಆ ಕಾಲದ ಕಂಪ್ಯೂಟರಿಗೆ ಏನನ್ನೇ ತಿಳಿಸಬೇಕಿದ್ದರೂ ದಪ್ಪ ಕಾಗದದ ಕಾರ್ಡುಗಳಲ್ಲಿ ಸಣ್ಣ ಸಣ್ಣ ತೂತುಗಳಾಗಿ ಹೊಡೆದು ಕೊಡಬೇಕಿತ್ತಂತೆ. ಹಿರಿಯರು ಸ್ವಿಚ್ಚು ಹಾಕಿದ್ದೇ ತಡ, ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಬೆರಳುಗಳು ಓಡಿದ ವೇಗಕ್ಕೆ ನಾನು ಬೆರಗಾದೆ. ಹಿರಿಯರೂ ಕೈಕಟ್ಟಿ ನೋಡುತ್ತ ನಿಂತುಬಿಟ್ಟರು.

ಸದ್ದು ಕೇಳಿ ಅಪ್ಪ ಗೋಡೆ ಹಿಡಿದುಕೊಂಡು ಬಂದು, ಏನು ಮಾಡುತ್ತಿದ್ದೀಯ ಎಂದು ತಂಗಿಯನ್ನು ಕೇಳಿದರು. ಅತ್ತೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, “ನೀನೇ ಒಡಿ ಅಣ್ಣ. ಅವ್ವನ ಹೆಸ್ರ ಒಡಿಯನ” ಎಂದರು.

ಅಪ್ಪನಿಗೆ ಇಂಗ್ಲಿಷ್ ಅಕ್ಷರ ಬಾರದು. ಅವತ್ತು ಕೀಲಿಗಳೂ ಕಾಣುತ್ತಿರಲಿಲ್ಲ. ಅತ್ತೆ ಅವರ ತೋರುಬೆರಳು ಹಿಡಿದು ಒಂದೊಂದೇ ಕೀಲಿಯ ಮೇಲಿಟ್ಟರು. ಐದನೆಯ ಅಕ್ಷರಕ್ಕೆ ಬೆರಳು ಜಾರಿ ಬೇರೇನೋ ಬಿತ್ತು. ಅಪ್ಪ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡು, ತೂತನ್ನು ಮುಚ್ಚಲಾಗುವುದಿಲ್ಲವೇ ಎಂದು ಕೇಳಿದರು. ಮುಚ್ಚುವ ಹಾಗಿಲ್ಲ, ಹೊಸ ಕಾರ್ಡು ಹಾಕಬೇಕು ಎಂದರು ಅತ್ತೆ. ಅವರು ಇನ್ನೊಂದು ಕೀಲಿ ಒತ್ತಿದಾಗ ಯಂತ್ರ ಸರಿಯಿದ್ದ ನಾಲ್ಕು ಅಕ್ಷರಗಳನ್ನು ತಾನೇ ಹೊಸ ಕಾರ್ಡಿಗೆ ಇಳಿಸಿಕೊಂಡಿತು. ಉಳಿದದ್ದನ್ನು ಅಪ್ಪ ಉಸಿರು ಬಿಗಿಹಿಡಿದು ಹೊಡೆದರು.

ಕಾರ್ಡು ಕೈಗೆ ಬಂದ ಮೇಲೆ ಅವರು ಅದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಕಾಣಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ತಡವತೊಡಗಿದರು. ಒಂದು ಅಕ್ಷರಕ್ಕೆ ಎರಡು ತೂತು ಎಂದು ಅತ್ತೆ ಹೇಳಿಕೊಟ್ಟರು. ಅಪ್ಪ ಪಿಸುದನಿಯಲ್ಲಿ ಅಜ್ಜಿಯ ಹೆಸರು ಹೇಳಿಕೊಳ್ಳುತ್ತ ಕೊನೆಯ ತೂತಿನವರೆಗೂ ಹೋದರು. ಅಲ್ಲಿ ಬೆರಳು ನಿಂತಿತು.

“ಇಷ್ಟ್ ವರ್ಸ ನೀನು ಏನ್ ಕೆಲ್ಸ ಮಾಡ್ದೆ ಅಂತ ನಾನು ಒಂದಿನ್ವೂ ಕೇಳ್ನಿಲ್ವಲ್ಲವ್ವ” ಎಂದರು.

“ನಾನೂ ಯೋಳ್ನಿಲ್ಲ ಬುಡಣ್ಣ” ಎಂದರು ಅತ್ತೆ. ಅವರ ಕೈ ಇನ್ನೂ ಅಪ್ಪನ ಕೈಮೇಲೇ ಇತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಹೊರಡುವಾಗ ಹಿರಿಯರು, ಬಂದವರಿಗೆ ಈ ಯಂತ್ರ ನಡೆಸಿ ತೋರಿಸುವವರು ಯಾರೂ ಇಲ್ಲ, ತಾನು ರಿಪೇರಿ ಬಲ್ಲೆನೇ ಹೊರತು ಇಷ್ಟು ಚೆಂದಾಗಿ ಹೊಡೆಯಲಾರೆ, ಬಿಡುವಾದಾಗ ಬನ್ನಿ ಎಂದು ಅತ್ತೆಯನ್ನು ಕೇಳಿಕೊಂಡರು. ಆಮೇಲೆ ಎರಡು ವರ್ಷ, ಹಿರಿಯರು ಮಗಳ ಊರಿಗೆ ಹೊರಟು ಯಂತ್ರಗಳನ್ನು ಒಂದು ಕಾಲೇಜಿಗೆ ಕೊಡುವವರೆಗೂ, ಅತ್ತೆ ತಿಂಗಳಿಗೆ ಎರಡು ಶನಿವಾರ ಇಸ್ತ್ರಿ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದರು.

ಸಂಜೆ ಅವರು ಬರುವ ಹೊತ್ತಿಗೆ ಅಪ್ಪ ಜಗಲಿಯಲ್ಲಿ ಕಾದಿರುತ್ತಿದ್ದರು. ಬಂದ ಕೂಡಲೇ ಏನಾದರೂ ಒಂದು ಪ್ರಶ್ನೆ ಕೇಳುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೆರಳು ಊದಿಕೊಂಡು ಮೈಸೂರಿನ ಹಾಸ್ಟೆಲಿನಲ್ಲಿ ಅಳುತ್ತಿದ್ದುದನ್ನು ಅತ್ತೆ ಹೇಳಿದ್ದು ಅಂಥದೊಂದು ಸಂಜೆ. ಊರಿಗೆ ಬಂದುಬಿಡಬೇಕು ಅನ್ನಿಸಲಿಲ್ಲವೇ ಎಂದು ಅಪ್ಪ ಕೇಳಿದರು.

“ಅನ್ನಿಸ್ತು” ಎಂದರು ಅತ್ತೆ. “ಆಮೇಲೆ ಕೈ ಓಡಕ್ಕೆ ಸುರುವಾಯ್ತು. ಬುಟ್ಟು ಬರಕ್ಕೆ ಮನಸಾಗ್ನಿಲ್ಲ.”

ಅಪ್ಪ ಜಗಲಿಯ ಮೇಲೆ ಸರಿದು ಅವರಿಗೆ ಜಾಗ ಮಾಡಿಕೊಟ್ಟರು.