ಸೂಜಿ ಬೇಡವೆಂದ ಮಾಯಕ್ಕ

೧೯೨೬ರ ಸುಗ್ಗಿಯ ಹೊತ್ತಿಗೆ ಖಾನಾಪುರದ ಸೂಲಗಿತ್ತಿ ಮಾಯಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೂಸಿನ ಹೊಕ್ಕುಳಬಳ್ಳಿಯನ್ನು ಬೆರಳಿನಿಂದ ತಡವಿ ಹುಡುಕಬೇಕಾಗಿ ಬಂದ ದಿನ ಅವಳು ತಾನಾಗಿಯೇ ಕೆಲಸ ಬಿಟ್ಟಳು. ಬಿಟ್ಟಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಒಲೆಗೂ ಅಂಗಳಕ್ಕೂ ತಿರುಗಾಡುತ್ತಲೇ ಇದ್ದಳು.

ಅಷ್ಟರಲ್ಲಿ, ವರ್ಷಕ್ಕೊಮ್ಮೆ ಬರುವ ಸೂಜಿವೈದ್ಯ ಊರಿಗೆ ಬಂದ. ಅವನು ಪೊರೆಯನ್ನು ಸೂಜಿಯಿಂದ ಕಣ್ಣೊಳಗೇ ಕೆಳಕ್ಕೆ ತಳ್ಳುತ್ತಿದ್ದ. ಮೂರು ರೂಪಾಯಿ, ಅಂದೇ ಕಾಣುತ್ತದೆ. ಬೆಳಗಾವಿಯ ದವಾಖಾನೆಯಲ್ಲಿ ಪೊರೆಯನ್ನು ಕೊಯ್ದು ಹೊರಗೇ ತೆಗೆಯುತ್ತಿದ್ದರು. ಆದರೆ ಹತ್ತು ದಿನ ಅಲುಗದೆ ಮಲಗಬೇಕು. ರೈಲು, ಜೊತೆಯವರ ಊಟ, ಆಮೇಲೆ ದಪ್ಪ ಚಷ್ಮಾ ಸೇರಿ ಮೂವತ್ತು ರೂಪಾಯಿ. ಮಗ ಬೀರಣ್ಣ ನಾಲ್ಕು ಕುರಿ ಮಾರಬೇಕಿತ್ತು. ಅವನು ಸೂಜಿಯೇ ಸಾಕೆಂದ.

ಮಾಯಕ್ಕ ಕೋಲು ಹಿಡಿದು ಹೊರಟಳು. ಆ ವೈದ್ಯನಿಂದ ಹಿಂದೆ ಸೂಜಿ ಹಾಕಿಸಿಕೊಂಡಿದ್ದ ನಾಲ್ವರ ಮನೆಗೂ ಹೋಗಿ ವಿಚಾರಿಸಿದಳು. ಇಬ್ಬರಿಗೆ ಇನ್ನೂ ಕಾಣುತ್ತಿತ್ತು. ಒಬ್ಬಳಿಗೆ ಪೊರೆ ಮತ್ತೆ ಮೇಲೆದ್ದಿತ್ತು. ನಾಲ್ಕನೆಯವನು ಗಾಡಿ ಹೊಡೆಯುತ್ತಿದ್ದ ಭರಮಪ್ಪ.

“ಒಂದ ತಿಂಗಳ ಛಲೋ ಕಾಣ್ತಿತ್ತು ಯಕ್ಕಾ,” ಎಂದ. “ಆಮ್ಯಾಲ ತಲಿ ಸಿಡಿಯೂವಂಗ ನೋವು. ಈಗ ಬಿಸಲೂ ತಿಳಿಯಂಗಿಲ್ಲ.”

ಮನೆಗೆ ಬಂದು ಮಗನಿಗೆ ಹೇಳಿದಳು: “ನಾಕ ಮಂದ್ಯಾಗ ಇಬ್ಬರಿಗೆ ಅಷ್ಟ ಕಾಣತೈತಪಾ. ನಾ ಇಷ್ಟ ಭರೋಸಾ ಕೊಟ್ರ ಬಸುರಿ ಮನಿಯವರು ನನ್ನ ಕರೀತಾರೇನು? ಕುರಿ ಮಾರು.”

ಬೆಳಗಾವಿಯ ಡಾಕ್ಟರರನ್ನೂ ಅವಳು ಹಾಗೇ ಕೇಳಿದಳು. ಹತ್ತರಲ್ಲಿ ಎಂಟು ಗುಣವಾಗುತ್ತವೆ, ಕೆಡುವುದೂ ಉಂಟು, ಆದ್ದರಿಂದ ಮೊದಲು ಒಂದೇ ಕಣ್ಣು ಎಂದರು ಅವರು. ಅವಳು ಹೆಚ್ಚು ಮಂಜಾಗಿದ್ದ ಎಡಗಣ್ಣನ್ನು ಒಪ್ಪಿಸಿದಳು.

ಕೊಯ್ದ ಮೇಲೆ ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲುಗದಂತೆ ಎರಡೂ ಬಾಜು ಉಸುಕಿನ ಚೀಲ. ಕೈಕಾಲು ಸುಮ್ಮನಿರಲೊಲ್ಲವು. ನಾಲ್ಕನೆಯ ದಿನ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಒಬ್ಬಳು ಹೆರಿಗೆ ನೋವಿನಲ್ಲಿ ಕೂಗತೊಡಗಿದಳು. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆಯೆಂದು ಮಾಯಕ್ಕ ಮಲಗಿದಲ್ಲೇ ಎಣಿಸಿದಳು. ಕೂಗು ಸಣ್ಣಗಾದಾಗ, ಹೆರುವವಳ ಶಕ್ತಿ ಕುಂದಿತೆಂದು ಏಳಲು ಮೊಣಕೈ ಊರಿದಳು.

“ಅತ್ತಿ, ಅಳ್ಳಾಡಬ್ಯಾಡ್ರಿ,” ಎಂದು ಸೊಸೆ ಸಾತವ್ವ ಭುಜ ಹಿಡಿದಳು. “ಕಣ್ಣ ಹೋಗತೈತಿ.”

ಮಾಯಕ್ಕ ಮಂಚದ ಕಬ್ಬಿಣ ಹಿಡಿದು ಮಲಗಿದಳು. ಕೂಸು ಅತ್ತ ಮೇಲೆಯೇ ಹಿಡಿತ ಸಡಿಲವಾಯಿತು.

ಪಟ್ಟಿ ಬಿಚ್ಚಿ ಚಷ್ಮಾ ಹಾಕಿದಾಗ ಸಾತವ್ವನ ಮುಖದ ಹಚ್ಚೆಯ ಚುಕ್ಕಿಗಳೂ ಕಂಡವು. ಆದರೆ ನೀರಿನ ತಂಬಿಗೆಗೆ ಚಾಚಿದ ಕೈ ಅದು ಇನ್ನೂ ಗೇಣು ದೂರವಿರುವಾಗಲೇ ಮುಚ್ಚಿಕೊಂಡಿತು. ಒಂಟಿಗಣ್ಣಿಗೆ ವಸ್ತು ಎಷ್ಟು ದೂರವಿದೆಯೆಂದು ತಿಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ರೂಢಿ ಮಾಡಿದರೂ ಕೈಗೆ ಪೂರ್ತಿ ನಂಬಿಕೆ ಬರಲಿಲ್ಲ.

ಮರುವರ್ಷದಿಂದ ಅತ್ತೆ ಸೊಸೆ ಕೂಡಿಯೇ ಹೆರಿಗೆಗೆ ಹೋದರು. ನೋಡಿ ಹೇಳುವವಳು ಮಾಯಕ್ಕ, ಕೈ ಹಚ್ಚುವವಳು ಸಾತವ್ವ.