ತಿರುಗುಮುರುಗಾದ ಒಂದು ಹೆಸರು

ಕಳೆದ ವಾರ ಸಿಯಾಟಲ್ ಹತ್ತಿರದ ಬಾಥೆಲ್‌ನ ಒಂದು ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಟೈಪ್‌ರೈಟರ್ ಒಂದರ ಮುಚ್ಚಳ ತೆಗೆದೆ. ರಿಬ್ಬನ್ನಿನ ಮಸಿ ಮತ್ತು ಮೆಷಿನ್ ಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯಿತು. ಮಿಲ್ ಕ್ರೀಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಟೈಪ್ ಮಾಡಲು ಕೂರುತ್ತಿದ್ದ ಊಟದ ಮೇಜಿನ ವಾಸನೆ ಅದು...

ಎರಡು ಸಾವಿರದ ಹದಿಮೂರರ ಸುಮಾರಿಗೆ ನಾವು ಇಲ್ಲಿಗೆ ಬಂದಾಗ ಆ ಅಮೆರಿಕನ್ ಅಜ್ಜಿಗೆ ಎಂಬತ್ತು ದಾಟಿತ್ತು. ನನಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಮೈಸೂರಿನ ಕಾಲೇಜು ಲೈಬ್ರರಿಯಲ್ಲಿ ದುಡಿದವಳು ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಿದ್ದೆ. ಕಣ್ಣು ಮಂಜಾಗಿ ಅಜ್ಜಿಯ ಡ್ರೈವಿಂಗ್ ನಿಂತಾಗ, ಸಿಯಾಟಲ್ ನಗರದ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಲೈಬ್ರರಿಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ವಾರಕ್ಕೊಮ್ಮೆ ಎಂದು ಶುರುವಾದದ್ದು ವಾರಕ್ಕೆ ಮೂರು ದಿನವಾಯಿತು.

ಕೊರಿಯಾ ಯುದ್ಧದಲ್ಲಿ ಮಡಿದ ಈ ಸುತ್ತಮುತ್ತಲಿನ ಸೈನಿಕರ ಸರ್ಕಾರಿ ಪಟ್ಟಿಯನ್ನು ಹಳೆಯ ಪತ್ರಿಕೆಗಳು, ಶಾಲೆಯ ವಾರ್ಷಿಕ ಸಂಚಿಕೆಗಳ ಜೊತೆ ಹೋಲಿಸಿ ತಪ್ಪು ಹುಡುಕುವುದು ಅವರು ತಾವಾಗಿಯೇ ಹಚ್ಚಿಕೊಂಡ ಕೆಲಸ. ಒಬ್ಬನ ಊರು ತಪ್ಪು, ಇನ್ನೊಬ್ಬನ ಹುಟ್ಟಿದ ದಿನ ತಪ್ಪು. ಸಿಕ್ಕಿದ್ದಕ್ಕೆ ಪುರಾವೆ ಸೇರಿಸಿ, ಟೈಪ್‌ರೈಟರಿನಲ್ಲೇ ಪತ್ರ ಮಾಡಿ ಸೇನೆಯ ದಾಖಲೆ ಕಚೇರಿಗೆ ಕಳಿಸುತ್ತಿದ್ದರು.

"ಯಾರೋ ಸತ್ತೋರ ಸ್ಪೆಲ್ಲಿಂಗ್ ಸರಿ ಮಾಡೋಕೆ ನೀನ್ಯಾಕೆ ಟ್ರಾಫಿಕ್ಕಲ್ಲಿ ಒದ್ದಾಡ್ತೀಯ?" ಎಂದು ನನ್ನ ಗಂಡ ರೇಗಿಸುತ್ತಿದ್ದರು.

"ಮನೇಲಿ ಕೂತು ನಾನೇನ್ ಮಾಡ್ಲಿ ಹೇಳಿ?" ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅಜ್ಜಿ ಒಂದು ಹೆಸರಿನ ಮೇಲೆ ಬೆರಳಿಟ್ಟು ಕೂತುಬಿಟ್ಟರು. ಸಿಯಾಟಲ್‌ನ ಚೀನೀ ಮನೆತನದ ಯುವಕ. ಪಟ್ಟಿಯಲ್ಲಿದ್ದ, ಆದರೆ ಆ ಹೆಸರಿನವನು ಯಾವ ಶಾಲೆಯಲ್ಲೂ ಓದಿರಲಿಲ್ಲ. ನನಗೆ ನನ್ನ ಪಾಡೇ ನೆನಪಾಯಿತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ನನ್ನ ಸರ್‌ನೇಮ್. ಆಸ್ಪತ್ರೆಯಲ್ಲಿ ನರ್ಸ್ ಅಪ್ಪನ ಹೆಸರು ಕೂಗಿದರೆ ನಾನು ಎದ್ದು ಹೋಗಬೇಕು. "ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತಲ್ಲ, ಇವನದೂ ಹಿಂದುಮುಂದಾಗಿರಬೇಕು, ತಿರುಗಿಸಿ ಹುಡುಕೋಣ" ಎಂದೆ. ಅವತ್ತು ಸಂಜೆಯೊಳಗೆ ಶಾಲೆಯ ಸಂಚಿಕೆಯೊಂದರಲ್ಲಿ ಸಿಕ್ಕ. ತರಗತಿಯ ಕೊನೆಯ ಸಾಲಿನಲ್ಲಿ ನಿಂತಿದ್ದ, ಕಣ್ಣು ಮಿಟುಕಿಸಿದ ಹೊತ್ತಿಗೇ ಫೋಟೋ ಬಿದ್ದಿತ್ತು...

ಅಜ್ಜಿಗೆ ಖುಷಿಯಾಗಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವರು ಇಂಗ್ಲಿಷಿನಲ್ಲಿ ಆಡಿದ ಮಾತು ನನ್ನಲ್ಲಿ ಕನ್ನಡವಾಗಿಯೇ ಉಳಿದಿದೆ. "ನನಗಾಗ ಹತ್ತೊಂಬತ್ತು. ಈ ಪಟ್ಟಿ ಟೈಪ್ ಮಾಡ್ತಿದ್ದ ಹುಡುಗಿಯರಲ್ಲಿ ನಾನೂ ಒಬ್ಬಳು. ಬೇಗ ಬೇಗ ಮುಗಿಸಿ ಡ್ಯಾನ್ಸಿಗೆ ಓಡ್ತಿದ್ದೆ."

ಸೈನಿಕನ ತಂಗಿ ಬಾಥೆಲ್‌ನ ಒಂದು ವೃದ್ಧಾಶ್ರಮದಲ್ಲಿ ಇದ್ದಾರೆಂದು ತಿಳಿಯಿತು. ಹೆಸರು ತಿದ್ದುವ ಅರ್ಜಿಗೆ ಮನೆಯವರ ಸಹಿ ಬೇಕಿತ್ತು, ಹೋದೆವು. ಕುರ್ಚಿ ಎಳೆದುಕೊಳ್ಳುವ ಮೊದಲೇ ಅಜ್ಜಿ ಎಲ್ಲ ಹೇಳಿಬಿಟ್ಟರು, ಆ ಹಾಳೆ ತಮ್ಮ ಕೈಯದೇ ಇರಬಹುದು ಎಂಬುದನ್ನೂ.

ತಂಗಿ ತಮ್ಮ ಗಾಲಿಕುರ್ಚಿಯನ್ನು ಅಜ್ಜಿಯ ಕಡೆ ತಿರುಗಿಸಿದರು. ಆಮೇಲೆ, "ಅವನ ಶವದ ಪೆಟ್ಟಿಗೆ ಮೇಲೂ ಆ ಹೆಸರೇ ಇತ್ತು. ಇದು ನಮ್ಮ ಮನೆತನದ ಹೆಸರಲ್ಲ, ಬೇರೆ ಯಾರ ಮಗನೋ ಅಂತ ಅಮ್ಮ ಹಟ ಹಿಡಿದಳು. ಮಣ್ಣಿಗೂ ಬರಲಿಲ್ಲ. ಸಾಯೋವರೆಗೂ ಅವನು ಬರ್ತಾನೆ ಅಂತಲೇ ಇದ್ದಳು" ಎಂದರು.

ಅಜ್ಜಿ ಕ್ಷಮೆ ಕೇಳಿದರು.

"ಕ್ಷಮೆ ಆಮೇಲೆ ನೋಡೋಣ. ಮೊದಲು ಸರಿಯಾಗಿ ಟೈಪ್ ಮಾಡಿ. ನೀವೇ ಮಾಡಬೇಕು."

ಮನೆಗೆ ಬಂದು ನಾನು ಲ್ಯಾಪ್‌ಟಾಪ್ ತೆಗೆದೆ, ಅಜ್ಜಿ ಬೇಡ ಎಂದು ಟೈಪ್‌ರೈಟರ್ ಮುಂದೆ ಕೂತರು. ಬೆರಳುಗಳು ಗಂಟು ಊದಿ ಸೊಟ್ಟಗಾಗಿದ್ದವು. ಮೂರು ಹಾಳೆ ಕೆಟ್ಟವು. ನಾಲ್ಕನೆಯದರಲ್ಲಿ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು ಒತ್ತಿದರು. ಮುಗಿದಾಗ ಅವರ ಬೆನ್ನು ಬೆವರಿತ್ತು.

ಉತ್ತರ ಬರಲು ವರ್ಷದ ಮೇಲಾಯಿತು. ತಿದ್ದಿದ ದಾಖಲೆ ಹಿಡಿದು ಮೂವರೂ ಸ್ಮಶಾನಕ್ಕೆ ಹೋದೆವು. ಸಮಾಧಿಯ ಹೊಸ ಕಲ್ಲು ಇನ್ನೂ ಬಂದಿರಲಿಲ್ಲ. ತಂಗಿ ಗಾಲಿಕುರ್ಚಿಯಲ್ಲಿ ಕೂತೇ ಅಣ್ಣನ ಹೆಸರನ್ನು ತಮ್ಮ ಮನೆಯ ಕ್ರಮದಲ್ಲಿ ಕೂಗಿದರು, ಒಳಕೋಣೆಯಲ್ಲಿ ಇರುವವರನ್ನು ಊಟಕ್ಕೆ ಕರೆಯುವ ಹಾಗೆ. ಆಮೇಲೆ ಕೈ ಚಾಚಿ ಅಜ್ಜಿಯ ಕೈ ಹಿಡಿದುಕೊಂಡರು. ಕ್ಷಮೆಯ ಮಾತನ್ನು ಯಾರೂ ಎತ್ತಲಿಲ್ಲ...

ಎರಡು ವರ್ಷ ಕಳೆದು ಅಜ್ಜಿ ತೀರಿಕೊಂಡರು. ಮಕ್ಕಳಿರಲಿಲ್ಲ, ದೂರದ ಸಂಬಂಧಿಯೊಬ್ಬರು ಪತ್ರಿಕೆಗೆ ಸುದ್ದಿ ಕೊಟ್ಟರು. ಅಚ್ಚಾದಾಗ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಪತ್ರಿಕೆಯವರಿಗೆ ಕಾಲ್ ಮಾಡಿದೆ. ನೀವು ಅವರಿಗೆ ಏನಾಗಬೇಕು ಎಂದರು. ಪಕ್ಕದ ಮನೆಯವಳು ಎಂದೆ. ಮನೆಯವರೇ ಹೇಳಬೇಕು ಎಂದರು. ಆ ಸಂಬಂಧಿಯನ್ನು ಹುಡುಕಿ ಹೇಳಿಸಿದೆ, ಮೂರನೆಯ ಸಲಕ್ಕೆ ತಿದ್ದಿದರು.

ಈಗ ಆ ಮನೆಯಲ್ಲಿ ಬೇರೆ ಸಂಸಾರವಿದೆ. ಅಜ್ಜಿಯನ್ನು ಬಲ್ಲವರು ಈ ಬೀದಿಯಲ್ಲಿ ಗಂಡ ಹೆಂಡತಿ ನಾವಿಬ್ಬರೇ ಉಳಿದಿದ್ದೇವೆ. ಅವರ ಹೆಸರನ್ನು ಇಲ್ಲಿ ಬರೆಯಬೇಕೆಂದು ಎರಡು ಸಲ ಕೂತೆ. ನಮ್ಮ ಲಿಪಿಯಲ್ಲಿ ಹೇಗೆ ಬರೆದರೂ ಒಂದು ಅಕ್ಷರ ತಪ್ಪುತ್ತದೆ. ಬರೆಯದೆ ಬಿಟ್ಟೆ.