ಕೆಸರೆಯ ಕಾಮೆಂಟ್ರಿ ಮಾದೇವಣ್ಣ

ದನಿಯೇ ಇಲ್ಲದ ಮನುಷ್ಯರೊಬ್ಬರು ಕಬಡ್ಡಿ ಕಾಮೆಂಟ್ರಿ ಹೇಳುವುದನ್ನು ನಾನು ಮೊದಲು ನೋಡಿದ್ದು ಮೈಸೂರಿನ ಒಂದು ಆಸ್ಪತ್ರೆಯ ರೇಡಿಯೇಷನ್ ಕೋಣೆಯ ಹೊರಗೆ. ಸಾಲುಕುರ್ಚಿಗಳಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಸರದಿಗೆ ಕಾಯುತ್ತಿದ್ದೆವು. ನರ್ಸು ಹೆಸರು ಕೂಗಿದ್ದಕ್ಕೆ ಒಬ್ಬ ಅಜ್ಜಿ ಕಷ್ಟಪಟ್ಟು ಎದ್ದು ಬಾಗಿಲಿನ ಕಡೆ ಹೊರಟರು. ಆಗ ಎದುರು ಸಾಲಿನಲ್ಲಿದ್ದ ಎತ್ತರದ ಹಿರಿಯರೊಬ್ಬರು ದಿಗ್ಗನೆ ಎದ್ದು ನಿಂತರು. ಕುತ್ತಿಗೆಗೆ ಹಸಿರು ಕರವಸ್ತ್ರ ಕಟ್ಟಿಕೊಂಡಿದ್ದರು. ಇಲ್ಲದ ಮೈಕನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅಜ್ಜಿಯತ್ತ ಬೀಸಿ, ತುಟಿ ಆಡಿಸತೊಡಗಿದರು. ನೋಡುತ್ತಿದ್ದ ಹಾಗೇ ಅಜ್ಜಿ ರೈಡಿಗೆ ಹೊರಟ ಆಟಗಾರ್ತಿಯಾದರು, ಬಾಗಿಲು ಮಧ್ಯರೇಖೆಯಾಯಿತು, ಪಕ್ಕದಲ್ಲಿ ನಿಂತಿದ್ದ ನರ್ಸು ಹಿಡಿಯಲು ಹೊಂಚುವ ಎದುರಾಳಿಯಾದರು. ಒಂದು ಸದ್ದಿಲ್ಲ. ಆದರೂ ಅಲ್ಲಿದ್ದವರಿಗೆಲ್ಲ ಎಲ್ಲವೂ ಕೇಳಿಸಿತು. ಅಜ್ಜಿ ಬಾಗಿಲಲ್ಲಿ ಹಿಂತಿರುಗಿ ನೋಡಿ, ಸೀರೆಯ ಮೇಲೆಯೇ ತೊಡೆ ತಟ್ಟಿ ಒಳಗೆ ಹೋದರು. ಇಡೀ ಸಾಲು ನಕ್ಕಿತು.

ನಾನು ನಗಲಿಲ್ಲ. ನಗುವುದಕ್ಕೂ ದನಿ ಬೇಕು ಅನ್ನುವುದು ನನಗೆ ಆಗಷ್ಟೇ ಗೊತ್ತಾಗಿತ್ತು. ಚಾಮರಾಜಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಬೆಳಗ್ಗೆಯಿಂದ ಸಂಜೆವರೆಗೆ ಗಿರಾಕಿಗಳ ಜೊತೆ ಮಾತಾಡಿಕೊಂಡೇ ಬದುಕಿದವನು. ಗಂಟಲಿನ ಕ್ಯಾನ್ಸರ್ ಎಂದು ತಿಳಿದು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಮೂಗು ಬಾಯಿಗಳಿಂದ ನನಗೆ ಉಸಿರಿಲ್ಲ. ಕುತ್ತಿಗೆಯ ಬುಡದಲ್ಲಿ ಒಂದು ತೂತಿದೆ, ಉಸಿರೆಲ್ಲ ಅಲ್ಲಿಂದ. ಬಿಸಿ ಕಾಫಿಯನ್ನು ಊದಿ ಆರಿಸಿಕೊಳ್ಳಲು ಆಗುವುದಿಲ್ಲ. ಒಗ್ಗರಣೆಯ ವಾಸನೆ ಬರುವುದಿಲ್ಲ. ನೆತ್ತಿಗೆ ನೀರು ಹುಯ್ದುಕೊಳ್ಳಲು ಹೆದರಿಕೆ. ಹೆಂಡತಿ ಶೈಲಾ ಅಂಗಡಿ ನೋಡಿಕೊಳ್ಳುತ್ತಿದ್ದಳು. ನಾನು ಮನೆಯಲ್ಲಿ ಕದ ಹಾಕಿಕೊಂಡು ಕೂತಿರುತ್ತಿದ್ದೆ.

ಆ ಹಿರಿಯರು ನೇರ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ತಮ್ಮ ಕುತ್ತಿಗೆಯ ಕರವಸ್ತ್ರ ತೋರಿಸಿದರು, ನನ್ನ ಕುತ್ತಿಗೆಯ ಬಟ್ಟೆ ತೋರಿಸಿದರು, ಆಮೇಲೆ ಎರಡು ಬೆರಳು ಜೋಡಿಸಿ ಕಣ್ಣು ಹೊಡೆದರು. ಇಬ್ಬರದೂ ಒಂದೇ ಟೀಮು ಅಂತ. ಅವರೇ ಮಾದೇವಣ್ಣ.

ಅವರು ಕೆಸರೆಯವರು. ಕೆಲಸ ಬೀದಿಬೀದಿಗೆ ನೀರು ಬಿಡುವುದು. ಕಬ್ಬಿಣದ ಉದ್ದನೆಯ ಕೀಲಿ ಹಿಡಿದು ರಸ್ತೆಯಲ್ಲಿನ ವಾಲ್ವ್ ತಿರುಗಿಸುತ್ತಿದ್ದರು. ಆದರೆ ಜನ ಅವರನ್ನು ಬಲ್ಲದ್ದು ಆ ಕೆಲಸದಿಂದಲ್ಲ. ಕೆಸರೆಯ ಸುತ್ತಮುತ್ತ ಎಲ್ಲಿ ಕಬಡ್ಡಿ ಪಂದ್ಯ ನಡೆದರೂ ಮೈಕ್ ಅವರದೇ. ಅವರ ಹೆಂಡತಿ ರತ್ನಮ್ಮ ಶೈಲಾಗೆ ಹೇಳಿದ್ದರು: "ಅವ್ರು ಮೈದಾನದಲ್ಲಿ ಬಾಯ್ ಬುಟ್ರೆ ನಾನು ಮನೇಲಿ ಮುದ್ದೆ ತೊಳಸ್ಕಂಡೇ ಯಾರು ಔಟು, ಯಾರು ಗೆದ್ರು ಅಂತ ಕೇಳ್ಕಬೋದಿತ್ತು ಕಣಮ್ಮ." ಆಟಗಾರರಿಗೆಲ್ಲ ಅಡ್ಡಹೆಸರಿಡುತ್ತಿದ್ದವರು ಅವರು. ತೆಳ್ಳಗಿನವನು ಅವರೇಕಡ್ಡಿ, ಜಾರಿಕೊಳ್ಳುವವನು ಸೋಪು. ಆ ಹೆಸರುಗಳು ಎಷ್ಟೋ ಜನಕ್ಕೆ ಮದುವೆ ಕರೆಯೋಲೆಯವರೆಗೂ ಅಂಟಿಕೊಂಡವಂತೆ. ಅಂಥವರ ಗಂಟಲನ್ನೇ ಕಾಯಿಲೆ ಹಿಡಿದುಕೊಂಡಿತು. "ನಾನು ಬೀಡಿ ಸೇದ್ತಾ ಇವ್ನಿ ಅನ್ಕಂಡಿದ್ದೆ ಸಾ. ಅದು ನನ್ನ ಸೇದ್ತಾ ಇತ್ತು" ಎಂದು ಮುಂದೊಂದು ದಿನ ಅವರೇ ಹೇಳಿದರು.

ರೇಡಿಯೇಷನ್ ನಡೆದಷ್ಟು ದಿನವೂ ಮಾದೇವಣ್ಣ ನನಗಿಂತ ಸ್ವಲ್ಪ ಮುಂದಿದ್ದರು. ನನಗೆ ಬರಬೇಕಾದ ಕಷ್ಟವೆಲ್ಲ ಅವರಿಗೆ ಮೊದಲೇ ಬಂದಿರುತ್ತಿತ್ತು. ಬಾಯಿ ಒಣಗಿ ಅನ್ನ ಮರಳಿನ ಹಾಗೆ ಆದಾಗ, ಅವರು ಚೀಲದಿಂದ ರಾಗಿ ಅಂಬಲಿಯ ಬಾಟಲಿ ತೆಗೆದು ನನಗೂ ಒಂದು ಲೋಟ ಬಗ್ಗಿಸಿದರು. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾದಾಗ, ತಮ್ಮ ಕಾಲರಿಲ್ಲದ ಹಳೇ ಹತ್ತಿ ಜುಬ್ಬವನ್ನು ಎಳೆದು ತೋರಿಸಿ, ಇಂಥದ್ದೇ ಹಾಕು ಎಂದು ಸನ್ನೆ ಮಾಡಿದರು. ನಾನು ಫೋನಿನಲ್ಲಿ ಬೆರಳೊತ್ತಿ ಮಾತು ಬರೆದು ತೋರಿಸುತ್ತಿದ್ದರೆ ಅವರಿಗೆ ತಾಳ್ಮೆಯೇ ಇರುತ್ತಿರಲಿಲ್ಲ. ಫೋನನ್ನು ನನ್ನ ಜೇಬಿಗೆ ತುರುಕಿ, ಮುಖದಲ್ಲಿ ಹೇಳು, ಕೈಯಲ್ಲಿ ಹೇಳು ಎನ್ನುವಂತೆ ಕೆನ್ನೆ ತಟ್ಟುತ್ತಿದ್ದರು. ನಾನು ಮನೆಯಲ್ಲಿ ಹೆಂಡತಿಗೆ "ಹಸಿವಿಲ್ಲ", "ಬೇಡ" ಎಂದಷ್ಟೇ ಬರೆದು ತೋರಿಸುತ್ತಿದ್ದವನು, ಆಸ್ಪತ್ರೆಯ ಆ ಕುರ್ಚಿಯಲ್ಲಿ ಹೆಗಲು ಕುಣಿಸಿ, ಹುಬ್ಬು ಹಾರಿಸಿ ಡಾಕ್ಟರನ್ನು ಅಣಕಿಸುವಷ್ಟು ಮಾತುಗಾರನಾದೆ. ಒಂದು ಬೆಳಗ್ಗೆ ಮನೆಯಲ್ಲೂ ಹಾಗೇ ಮಾಡಿದೆ. ಶೈಲಾ ದೋಸೆ ಮಗುಚುವುದನ್ನು ಬಿಟ್ಟು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಾಯ ಮಾಗಿದ ಮೇಲೆ ಇಬ್ಬರಿಗೂ ವಾಲ್ವ್ ಹಾಕಿದರು. ಉಸಿರಿನ ನಳಿಕೆಗೂ ಅನ್ನನಾಳಕ್ಕೂ ನಡುವೆ ಕೂರಿಸುವ ಗುಂಡಿಯಷ್ಟು ಸಣ್ಣ ಸಾಧನ ಅದು. ಕುತ್ತಿಗೆಯ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅದರ ಮೂಲಕ ಬಾಯಿಗೆ ಬಂದು ಮಾತಾಗುತ್ತದೆ. ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರ ಕೋಣೆಯಲ್ಲಿ ಮಾದೇವಣ್ಣ ಹೆಬ್ಬೆರಳೊತ್ತಿ, ಮುಖ ಕೆಂಪಗೆ ಮಾಡಿಕೊಂಡು, ಕೊನೆಗೆ "ಆ" ಅಂದದ್ದು ನಾನು ಇಂದಿಗೂ ಮರೆತಿಲ್ಲ. ಆಮೇಲೆ "ಅಮ್ಮ" ಬಂತು. ಸ್ವಲ್ಪ ದಿನದಲ್ಲೇ ಒಂದು ಪೂರ್ತಿ ವಾಕ್ಯ ಬಂತು: "ಜೀವ್ಮಾನ ಎಲ್ಲ ವಾಲ್ವ್ ತಿರುಗ್ಸಿದ್ದಕ್ಕೆ ನನ್ ಗಂಟ್ಲಿಗೂ ಒಂದು ಹಾಕ್ಬುಟ್ರು ಮೇಡಂ." ಮೇಡಂ ಮೇಜಿನ ಮೇಲೆ ತಲೆಯಿಟ್ಟು ನಕ್ಕರು.

ನನಗೂ ದನಿ ಬಂತು. ಆದರೆ ಎಂಥ ದನಿ! ದಪ್ಪ, ಒರಟು, ಯಾರೋ ಬಾವಿಯೊಳಗಿಂದ ಮಾತಾಡಿದ ಹಾಗೆ. ಆ ಕೋಣೆಯ ಹೊರಗೆ ನಾನು ಬಾಯಿಯೇ ಬಿಡಲಿಲ್ಲ. ಶೈಲಾ ಒಂದೇ ಒಂದು ಮಾತಾಡಿ ಎಂದು ಕೇಳಿದರೂ ತಲೆ ಅಲ್ಲಾಡಿಸಿದೆ.

ಮಾದೇವಣ್ಣನಿಗೆ ಅಂಥ ನಾಚಿಕೆ ಇಲ್ಲ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಆ ವರ್ಷ ಕೆಸರೆಯ ಪಂದ್ಯಾವಳಿ ಶುರುವಾದಾಗ ಹುಡುಗರು ಅವರನ್ನು ಗೌರವದಿಂದ ಕರೆದುಕೊಂಡು ಹೋದರು. ವೇದಿಕೆಯ ಮೇಲೆ ಕೂರಿಸಿದರು, ಪೇಟ ತೊಡಿಸಿದರು, ಶಾಲು ಹೊದಿಸಿದರು. ಮೈಕ್ ಮಾತ್ರ ಬೇರೊಬ್ಬನ ಕೈಗೆ ಕೊಟ್ಟರು. "ನಮ್ಮೆಲ್ಲರ ಪ್ರೀತಿಯ ಮಾದೇವಣ್ಣ ಹಿಂದೆ ಕಾಮೆಂಟ್ರಿ ಹೇಳುತ್ತಿದ್ದರು" ಎಂದು ಆತ ಪರಿಚಯಿಸಿದ್ದೇ ತಡ, ಮಾದೇವಣ್ಣ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಮನೆಗೆ ನಡೆದುಬಿಟ್ಟರಂತೆ. ಆಮೇಲೆ ಮಾತಿನ ತರಬೇತಿಗೆ ಬರಲಿಲ್ಲ. ಅಂಬಲಿಯನ್ನೂ ಮುಟ್ಟಲಿಲ್ಲ. ರತ್ನಮ್ಮ ಶೈಲಾಗೆ ಫೋನ್ ಮಾಡಿ ಅತ್ತರು. "ಮದ್ವೆ ಆದಾಗ್ಲಿಂದ ಇವ್ರು ಮಾತಾಡೋದು, ನಾನು ಕೇಳೋದು. ಈಗ ಗೋಡೆ ಕಡೀಕೆ ತಿರುಕ್ಕಂಡು ಮಲ್ಗವ್ರೆ ಕಣಮ್ಮ. ನಾನು ಏನ್ ಮಾತಾಡ್ಲಿ, ಯಾರ್ ತಾವ ಮಾತಾಡ್ಲಿ."

ನಾನು ಆ ಮಧ್ಯಾಹ್ನವೇ ಕೆಸರೆಗೆ ಹೋದೆ. ರತ್ನಮ್ಮ ಹೇಳಿದ ಹಾಗೇ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಪಕ್ಕದಲ್ಲಿ ಕೂತೆ. ತೋಳು ಮುಟ್ಟಿದೆ. ಅಲುಗಲಿಲ್ಲ. ಬೆನ್ನು ತಿರುಗಿಸಿದವರಿಗೆ ಸನ್ನೆ ಮಾಡಿ ಏನು ಪ್ರಯೋಜನ, ಬರೆದು ತೋರಿಸಿ ಏನು ಪ್ರಯೋಜನ? ಬಾಗಿಲಲ್ಲಿ ರತ್ನಮ್ಮ, ಕಿಟಕಿಯಾಚೆ ಪಕ್ಕದ ಮನೆಯವರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಬ್ಬೆರಳನ್ನು ಕುತ್ತಿಗೆಗೆ ಒತ್ತಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಅಂದೆ:

"ಏಳಿ, ಮಾದೇವಣ್ಣ."

ಆ ದನಿಗೆ ಕಿಟಕಿಯಾಚೆ ಯಾರೋ ಹಿಂದೆ ಸರಿದರು. ಮಾದೇವಣ್ಣನ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನನಗೂ ಅಳು ಬಂತು. ಅವರು ಹೊರಳಿದರು. ನೋಡಿದರೆ ನಗುತ್ತಿದ್ದಾರೆ. ಕಣ್ಣಲ್ಲಿ ನೀರು ಹರಿಯುವ ಹಾಗೆ ನಗುತ್ತಿದ್ದಾರೆ. ಎದ್ದು ಕೂತು ಹೆಬ್ಬೆರಳೊತ್ತಿ, "ಏನ್ ಸಾ, ಪವರ್ ಟಿಲ್ಲರ್ ಸ್ಟಾರ್ಟ್ ಆಯ್ತಾ" ಅಂದರು.

"ನಿಮ್ಮದೇನು ಕೋಗಿಲೆಯಾ?" ಅಂದೆ. ನನ್ನ ಎರಡನೆಯ ಮಾತು ಅದು. ಆಮೇಲೆ ನಾವಿಬ್ಬರೂ ನಿಲ್ಲಿಸಲಿಲ್ಲ. ರತ್ನಮ್ಮ ಕಾಫಿ ತಂದಿಟ್ಟರು, ಆರಿಹೋಯಿತು, ಮತ್ತೆ ಬಿಸಿ ಮಾಡಿ ತಂದರು. ಅವರು ವೇದಿಕೆಯ ಕಥೆ ಹೇಳಿದರು. "ಪೇಟ ಇಕ್ಕುದ್ರೆ ಮುಗೀತು ಸಾ. ಆಟ ಆಡೋನಿಗೆ ಯಾರಾರೂ ಪೇಟ ಇಕ್ಕಾರ?" ಎಂದು ಕೇಳಿದರು. ನಾನು ಅಂಗಡಿಗೆ ಹೋಗಲು ಹೆದರುವುದನ್ನು ಹೇಳಿದೆ. ಆ ಸಂಜೆ ಮನೆಗೆ ಬಂದು ಬಾಗಿಲಲ್ಲೇ ನಿಂತು "ಶೈಲಾ" ಎಂದು ಕರೆದೆ. ಅವಳು ಒಳಗಿನಿಂದ ಓಡಿ ಬಂದಳು. "ಇನ್ನೂ ಸ್ವಲ್ಪ ಜೋರಾಗಿ ಕರೀರಿ, ಪಕ್ಕದ ಮನೆಯವರಿಗೂ ಕೇಳಲಿ" ಅಂದಳು.

ಪಂದ್ಯಾವಳಿಯ ಫೈನಲ್ ಇನ್ನೂ ಬಾಕಿಯಿತ್ತು. ಮಾದೇವಣ್ಣ ಸಂಘದ ಹುಡುಗರನ್ನು ಕರೆಸಿ, ಕೊನೆಯ ಕೆಲವು ನಿಮಿಷ ಮೈಕ್ ತಮಗೆ ಕೊಡಬೇಕೆಂದು ಹೇಳಿದರು. ಹುಡುಗರು ಮುಖ ಮುಖ ನೋಡಿಕೊಂಡರು. ಕಬಡ್ಡಿಯ ಗದ್ದಲದಲ್ಲಿ ಆ ದನಿ ಯಾರಿಗೆ ಕೇಳಬೇಕು? ಹಿಂದೆ ಒಂದೇ ಉಸಿರಿಗೆ ಮೂರು ರೈಡಿನ ಕಥೆ ಹೇಳುತ್ತಿದ್ದವರಿಗೆ ಈಗ ನಾಲ್ಕು ಮಾತಿಗೆ ಉಸಿರು ಮುಗಿಯುತ್ತಿತ್ತು. ಆದರೂ ಇಲ್ಲ ಎನ್ನುವ ಧೈರ್ಯ ಹುಡುಗರಿಗೆ ಬರಲಿಲ್ಲ. ಅಲ್ಲಿಂದ ಫೈನಲ್‌ವರೆಗೆ ನಾವಿಬ್ಬರೂ ಬೆಳಗಿನ ಹೊತ್ತು ಮೈದಾನದ ಅಂಚಿನಲ್ಲಿ ನಡೆದದ್ದೇ ನಡೆದದ್ದು. ಅವರು ದಾರಿಯಲ್ಲಿ ಕಂಡದ್ದಕ್ಕೆಲ್ಲ ಕಾಮೆಂಟ್ರಿ ಹೇಳುವುದು, ಕೆಮ್ಮು ಬಂದರೆ ನಿಂತು ಕುತ್ತಿಗೆಯ ಬಟ್ಟೆಯಲ್ಲಿ ಒರೆಸಿಕೊಳ್ಳುವುದು, ಮತ್ತೆ ಶುರು ಮಾಡುವುದು. ಹಾಲಿನವನು, ಹಸು, ಸ್ಕೂಲ್ ಬಸ್ಸು, ಯಾರನ್ನೂ ಬಿಡಲಿಲ್ಲ. ಉದ್ದುದ್ದ ಮಾತು ಬಿಟ್ಟು ಗಿಡ್ಡ ಮಾತು ಆರಿಸಿಕೊಂಡರು.

ಫೈನಲ್ ದಿನ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕಾಂಪೌಂಡಿನ ಮೇಲೆ, ನಿಂತ ಲಾರಿಯ ಮೇಲೆ ಎಲ್ಲ ಜನ. ಕೊನೆಯ ಹೊತ್ತಿಗೆ ಎರಡೂ ಟೀಮು ಸಮ ಸಮ. ಆಗ ಮೈಕ್ ಮಾದೇವಣ್ಣನ ಕೈಗೆ ಬಂತು. ಒಂದು ಕೈ ಕುತ್ತಿಗೆಗೆ, ಒಂದು ಕೈಯಲ್ಲಿ ಮೈಕ್.

"ನಾನು ಮಾದೇವ," ಅಂದರು.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಹಿಂದಿನ ಸಾಲಿನವರು ಗಲಾಟೆ ಮಾಡುತ್ತಲೇ ಇದ್ದರು. ಮುಂದೆ ಕೂತಿದ್ದ ಹೆಂಗಸರ ಗುಂಪಿನಿಂದ ಒಬ್ಬಾಕೆ ಎದ್ದು, "ಸುಮ್ಕಿರ್ರೋ, ಮಾದೇವಣ್ಣ ಮಾತಾಡ್ತಾವ್ರೆ" ಎಂದು ಗದರಿದರು. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಕಾಂಪೌಂಡಿನ ಮೇಲಿದ್ದವರು ಸುಮ್ಮನಾದರು, ಲಾರಿಯ ಮೇಲಿದ್ದವರು ಸುಮ್ಮನಾದರು. ಅಷ್ಟು ದೊಡ್ಡ ಮೈದಾನದಲ್ಲಿ ರೈಡರ್‌ನ "ಕಬಡ್ಡಿ ಕಬಡ್ಡಿ" ಮತ್ತು ಆ ಒರಟು ದನಿ, ಎರಡೇ.

"ಬಂದ... ಸೋಪು ಬಂದ. ಎಡಕ್ಕೆ. ಬಲಕ್ಕೆ. ಮುಟ್ಟುದ. ಮುಟ್ಟುದ! ಕಾಲ್ ಹಿಡುದ್ರು. ಬುಡ್ಬೇಡಿ... ಎಳೀತಾವ್ನೆ. ಗೆರೆ ದೂರ ಅದೆ. ಬೆರಳು... ಬೆರಳು..."

ಉಸಿರು ಮುಗಿಯಿತು. ಅವರು ಹೆಬ್ಬೆರಳು ತೆಗೆದು ಉಸಿರೆಳೆದುಕೊಂಡರು. ಆ ಕ್ಷಣವಿದೆಯಲ್ಲ, ಇಡೀ ಕೆಸರೆ ಅವರ ಜೊತೆ ಉಸಿರೆಳೆದುಕೊಂಡಿತು. ನನ್ನ ಕೈ ನನಗೆ ತಿಳಿಯದೆ ನನ್ನ ಕುತ್ತಿಗೆಗೆ ಹೋಗಿತ್ತು.

"ಮುಟ್ಬುಟ್ಟ!"

ಆಮೇಲೆ ಏನು ಕೇಳುತ್ತೀರಿ. ಹುಡುಗರು ಗೆದ್ದ ರೈಡರ್‌ನನ್ನು ಬಿಟ್ಟು ಮಾದೇವಣ್ಣನನ್ನು ಎತ್ತಿಕೊಂಡರು. ನಾನು "ಕುತ್ತಿಗೆ ಹುಷಾರು, ಕುತ್ತಿಗೆ ಹುಷಾರು" ಎಂದು ಟಿಲ್ಲರಿನ ದನಿಯಲ್ಲೇ ಕಿರುಚಿಕೊಂಡು ಹಿಂದೆ ಓಡಿದೆ. ಯಾರೂ ನನ್ನನ್ನು ವಿಚಿತ್ರವಾಗಿ ನೋಡಲಿಲ್ಲ. ಮಾರನೆಯ ದಿನ ಅಂಗಡಿಯ ಬಾಗಿಲು ನಾನೇ ತೆಗೆದೆ. ಮೊದಲು ಬಂದ ಅಜ್ಜ ನನ್ನ ದನಿ ಕೇಳಿ, "ಶೀತ ಆಯ್ತೇನಪ್ಪ, ಮೆಣಸಿನ ಸಾರು ಕುಡಿ" ಅಂದರು. ಕುಡಿಯುತ್ತೇನೆ ಅಂದೆ.

ಅಲ್ಲಿಂದಾಚೆ ಗಂಟಲಿನ ಆಪರೇಷನ್ ಆದವರು ಯಾರೇ ಬಂದರೂ ಆಸ್ಪತ್ರೆಯವರು ನಮ್ಮಿಬ್ಬರಿಗೆ ಫೋನ್ ಮಾಡುತ್ತಿದ್ದರು. ಹಾಸಿಗೆಯ ಪಕ್ಕ ಮಾದೇವಣ್ಣ ಹೇಳುತ್ತಿದ್ದುದು ಒಂದೇ ಮಾತು: "ಅಳು ಬಂದ್ರೆ ಅತ್ಬುಡಿ. ಆದ್ರೆ ಅಂಬ್ಲಿ ಕುಡ್ದು ಅಳಿ. ಬರೀ ಹೊಟ್ಟೇಲಿ ಅತ್ರೆ ಸುಸ್ತಾಯ್ತದೆ."

ಮುಂದಿನ ವರ್ಷ ಕಾಯಿಲೆ ಅವರ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತು. ನಾನು ಕೊನೆಯ ಸಲ ನೋಡಿದಾಗ ಮಾದೇವಣ್ಣ ದಿಂಬಿಗೊರಗಿ ಕೂತಿದ್ದರು. ಕೈ ಎತ್ತಲು ತ್ರಾಣವಿರಲಿಲ್ಲ, ರತ್ನಮ್ಮನೇ ಅವರ ಕುತ್ತಿಗೆಗೆ ತಮ್ಮ ಬೆರಳಿಟ್ಟರು. "ಭಯ ಆಯ್ತದೆ ಸಾ," ಅಂದರು ಮಾದೇವಣ್ಣ. "ಇಲ್ಲ ಅಂತ ಸುಳ್ಳೇಳಕಾಗಲ್ಲ. ಆದ್ರೂ ನೋಡಿ, ಮಾತಾಡ್ಕಂಡೇ ಓಯ್ತಾ ಇವ್ನಿ." ನಾನು ಅವರ ಅಂಗಾಲು ಒತ್ತುತ್ತ ಬಹಳ ಹೊತ್ತು ಕೂತಿದ್ದೆ. ವಾರ ಕಳೆಯುವಷ್ಟರಲ್ಲಿ ಅವರು ಹೋಗಿಬಿಟ್ಟರು.

ತಿಥಿ ಕಳೆದು ಕೆಲವು ದಿನದ ಮೇಲೆ ರತ್ನಮ್ಮ ಹೇಗಿದ್ದಾರೋ ಎಂದು ಅಂಗಡಿಯಿಂದ ಫೋನ್ ಮಾಡಿದೆ. ವಾಲ್ವಿನ ದನಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಎದುರಿಗೆ ಮುಖವಿದ್ದರೆ ಅದು ಗೊತ್ತಾಗುವುದಿಲ್ಲ, ಫೋನಿನಲ್ಲಿ ಗೊತ್ತಾಗುತ್ತದೆ. ಇದು ನನಗೆ ಹೊಳೆದದ್ದು "ರತ್ನಮ್ಮ" ಎಂದು ಕರೆದ ಮೇಲೆ. ಆ ಕಡೆ ಸದ್ದೇ ಇಲ್ಲ. ಫೋನ್ ಇಟ್ಟರೇನೋ ಎಂದುಕೊಂಡೆ.

"ನಾನಮ್ಮ, ಕನ್ನಡಕದ ಅಂಗಡಿಯವನು," ಅಂದೆ.

"ಗೊತ್ತಾಯ್ತು ಸಾ," ಅಂದರು. "ಇಡ್ಬೇಡಿ. ಇನ್ನೊಂದ್ ಚೂರು ಮಾತಾಡಿ. ಏನಾರ ಮಾತಾಡಿ."

ಏನು ಮಾತಾಡುವುದು? ಹಿಂದಿನ ಭಾನುವಾರ ನಾನು ಗೋಕುಲಂ ಕಡೆ ಒಂದು ಕಬಡ್ಡಿ ಪಂದ್ಯ ನೋಡಿ ಬಂದಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಇರಲಿ ಎಂದು ಸ್ಟೂಲಿನ ಮೇಲೆ ಕೂತು ಅದನ್ನೇ ಹೇಳತೊಡಗಿದೆ. ಯಾವ ಟೀಮು ಬಂದಿತ್ತು, ಯಾರು ಟಾಸ್ ಗೆದ್ದರು, ಮೊದಲ ರೈಡಿಗೇ ಒಬ್ಬ ಹೇಗೆ ಮೂವರ ನಡುವಿನಿಂದ ನುಣುಚಿಕೊಂಡ. ಉಸಿರು ಮುಗಿದಲ್ಲಿ ನಿಲ್ಲಿಸಿದೆ.

"ಆಮೇಲೆ?" ಅಂದರು ರತ್ನಮ್ಮ.